ಘನತ್ಯಾಜ್ಯ ಸಂಗ್ರಹಣೆ ಮತ್ತು ಮರುಬಳಕೆ: ರಾಷ್ಟ್ರಮಟ್ಟದ ಬೆಳವಣಿಗೆಗಳು

ಪ್ರಸ್ತಾವನೆ

ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳ ಪೈಕಿ ಘನತ್ಯಾಜ್ಯ ನಿರ್ವಹಣೆಯೂ ಒಂದಾಗಿದೆ. ಕಳೆದ ಮೂರು ದಶಕಗಳಲ್ಲಿ ದೇಶದಲ್ಲಿ ತ್ಯಾಜ್ಯ ಸಂಗ್ರಹಣೆಯು ಗಣನೀಯವಾಗಿ ಸುಧಾರಿಸಿದೆ. ಆದರೆ ಸಂಗ್ರಹಿಸಿದ ತ್ಯಾಜ್ಯದ ಸಂಸ್ಕರಣೆಯು ಅದರ ಸಮಕ್ಕೆ ಬಂದಿಲ್ಲ. ಈ ಅಂತರಕ್ಕೆ ಕಾರಣಗಳನ್ನು ಹಾಗೂ ನಾಗರಿಕರು ವಹಿಸಬೇಕಾದ ಪಾತ್ರವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಹಿಂದೆ ಬೀದಿ ಬದಿಯ ಸಾರ್ವಜನಿಕ ತೊಟ್ಟಿಗಳಿಂದ ಕಸವನ್ನು ಎತ್ತಿ ಊರ ಹೊರಗಿನ ತಗ್ಗು ಪ್ರದೇಶದಲ್ಲಿ ಸುರಿಯುವುದೇ ರೂಢಿಯಾಗಿತ್ತು. ಹಳೆಯ ಕಾಗದ, ಸೀಸೆ ಹಾಗೂ ಲೋಹಗಳ ಮರುಬಳಕೆಯು ಬಹುಮಟ್ಟಿಗೆ ಚಿಂದಿ ಆಯುವವರು ಮತ್ತು ಗುಜರಿ ವ್ಯಾಪಾರಿಗಳನ್ನು ಅವಲಂಬಿಸಿತ್ತು. ಹಸಿ ಕಸವನ್ನು ಗೊಬ್ಬರವಾಗಿಸಲು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿಯೇ ಸ್ಥಾಪನೆಯಾಯಿತು.

1994ರಲ್ಲಿ ಸೂರತ್ ನಗರದಲ್ಲಿ ಕಾಣಿಸಿಕೊಂಡ ಪ್ಲೇಗ್, ನಗರ ನೈರ್ಮಲ್ಯದ ಕೊರತೆಯತ್ತ ದೇಶದ ಗಮನ ಸೆಳೆಯಿತು. 1996ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಸಂಬಂಧ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯು 1999ರಲ್ಲಿ ವರದಿ ಸಲ್ಲಿಸಿತು. ತದನಂತರ 2000ದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ನಗರ ಘನತ್ಯಾಜ್ಯ ನಿಯಮಗಳನ್ನು ಹೊರಡಿಸಿ, ಮನೆ ಮನೆಯಿಂದ ಸಂಗ್ರಹಣೆ, ವಿಂಗಡಣೆ ಹಾಗೂ ಸಂಸ್ಕರಣೆಯನ್ನು ವಿಧಿಸಿತು. ಸಂಸ್ಕರಣಾ ಘಟಕಗಳ ಸ್ಥಾಪನೆಗೆ 2003ರ ಅಂತ್ಯದ ಗಡುವು ನೀಡಲಾಗಿತ್ತಾದರೂ, ಬಹಳಷ್ಟು ನಗರಗಳಲ್ಲಿ ಅದು ಈಡೇರಲಿಲ್ಲ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು. 2016ರ ನಿಯಮಗಳು ತ್ಯಾಜ್ಯವನ್ನು ಅದು ಉತ್ಪತ್ತಿಯಾಗುವ ಸ್ಥಳದಲ್ಲಿಯೇ ವಿಂಗಡಿಸುವುದನ್ನು ಕಡ್ಡಾಯಗೊಳಿಸಿ, ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವಂತೆ ಸೂಚಿಸಿದವು.

ಅಂಕಿ ಅಂಶಗಳು

• 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ನೀಡಿದ ವಿವರದಂತೆ, ವಾರ್ಷಿಕ 6.2 ಕೋಟಿ ಟನ್ ತ್ಯಾಜ್ಯದಲ್ಲಿ ಸಂಗ್ರಹವಾಗುತ್ತಿದ್ದುದು 4.3 ಕೋಟಿ ಟನ್, ಸಂಸ್ಕರಣೆಗೊಳ್ಳುತ್ತಿದ್ದುದು 1.19 ಕೋಟಿ ಟನ್.

• ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯಂತೆ, ಪ್ರತಿದಿನ ಉತ್ಪತ್ತಿಯಾದ ಸುಮಾರು 1,60,000 ಟನ್ ತ್ಯಾಜ್ಯದಲ್ಲಿ ಶೇ. 95ರಷ್ಟು ಸಂಗ್ರಹವಾಗಿ, ಶೇ. 50ರಷ್ಟು ಸಂಸ್ಕರಣೆಗೊಂಡಿದೆ. ಶೇ. 18ರಷ್ಟು ಭೂಭರ್ತಿ ಸೇರಿದ್ದು, ಉಳಿದ ಸುಮಾರು ಶೇ. 32ರಷ್ಟಕ್ಕೆ ಲೆಕ್ಕ ದೊರೆತಿಲ್ಲ.

ಸದರಿ ಎರಡು ಲೆಕ್ಕಗಳ ವಿಧಾನ ಒಂದೇ ಅಲ್ಲವಾದರೂ, ಸಂಸ್ಕರಣೆಯು ಸಂಗ್ರಹಣೆಗಿಂತ ಹಿಂದುಳಿದಿರುವುದು ಎರಡರಲ್ಲಿಯೂ ಸ್ಪಷ್ಟವಾಗಿದೆ.

ಅಂತರಕ್ಕೆ ಕಾರಣ

ಮಿಶ್ರ ತ್ಯಾಜ್ಯವೇ ಇದಕ್ಕೆ ಪ್ರಮುಖ ಕಾರಣ. ಅಡುಗೆ ತ್ಯಾಜ್ಯದೊಡನೆ ಬೆರೆತು ಒದ್ದೆಯಾದ ಕಾಗದವು ಮರುಬಳಕೆಗೆ ಒದಗುವುದಿಲ್ಲ. ಗಾಜಿನ ಚೂರು, ಬ್ಯಾಟರಿ ಬೆರೆತ ಹಸಿ ಕಸದಿಂದ ತಯಾರಾದ ಗೊಬ್ಬರವನ್ನು ರೈತರು ಬಳಸಲಾರರು. ಇಂತಹ ತ್ಯಾಜ್ಯವು ಭೂಭರ್ತಿಯಲ್ಲಿ ಕೊಳೆತಾಗ ಮೀಥೇನ್ ಅನಿಲ ಉತ್ಪತ್ತಿಯಾಗಿ ಬೆಂಕಿ ಅನಾಹುತಗಳಿಗೆ ಎಡೆಯಾಗುತ್ತದೆ. ರಸವು ಅಂತರ್ಜಲವನ್ನು ಕಲುಷಿತಗೊಳಿಸುತ್ತದೆ. ಇದರ ಹೊರೆ ಬೀಳುವುದು ಭೂಭರ್ತಿಯ ಸುತ್ತಲಿನ ಗ್ರಾಮಸ್ಥರ ಮೇಲೆ. ಬೆಂಗಳೂರಿನ ಕಸ ಸುರಿಯಲಾಗುತ್ತಿದ್ದ ಮಾವಳ್ಳಿಪುರ ಹಾಗೂ ಮಂಡೂರು ಗ್ರಾಮಸ್ಥರ ಪ್ರತಿಭಟನೆಗಳು ಇದಕ್ಕೆ ನಿದರ್ಶನ. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ವಿಂಗಡಣಾ ಪದ್ಧತಿಯನ್ನು ಕಡ್ಡಾಯಗೊಳಿಸಿತು.

ಸಾರ್ವಜನಿಕರ ಗಮನಕ್ಕೆ

2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟಿಸಲಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ತ್ಯಾಜ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸತಕ್ಕದ್ದು:

1. ಹಸಿ ತ್ಯಾಜ್ಯ: ಅಡುಗೆ ಮನೆಯ ತ್ಯಾಜ್ಯ, ತರಕಾರಿ, ಹಣ್ಣಿನ ಸಿಪ್ಪೆ, ಹೂವು.
2. ಒಣ ತ್ಯಾಜ್ಯ: ಕಾಗದ, ಪ್ಲಾಸ್ಟಿಕ್, ಗಾಜು, ಲೋಹ.
3. ನೈರ್ಮಲ್ಯ ತ್ಯಾಜ್ಯ: ಡೈಪರ್, ಸ್ಯಾನಿಟರಿ ಪ್ಯಾಡ್, ಭದ್ರವಾಗಿ ಸುತ್ತಿ ನೀಡುವುದು.
4. ವಿಶೇಷ ನಿಗಾ ತ್ಯಾಜ್ಯ: ಬಣ್ಣದ ಡಬ್ಬಿ, ಬಲ್ಬು, ಅವಧಿ ಮೀರಿದ ಔಷಧಿ.

ತ್ಯಾಜ್ಯವನ್ನು ರಸ್ತೆ, ಚರಂಡಿ ಅಥವಾ ಕೆರೆಗಳಿಗೆ ಎಸೆಯುವುದಾಗಲಿ, ಬಯಲಿನಲ್ಲಿ ಸುಡುವುದಾಗಲಿ ಮಾಡತಕ್ಕದ್ದಲ್ಲ. ಮನೆಯಲ್ಲಿ ವಿಂಗಡಿಸದ ಕಸವನ್ನು ಆನಂತರ ಪೌರಕಾರ್ಮಿಕರು ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ ಎಂಬುದನ್ನು ನಾಗರಿಕರು ಗಮನದಲ್ಲಿರಿಸಿಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ.