ಹತ್ತು ಸೆಂಟ್ಸಿನಿಂದ ಐದು ಸೆಂಟ್ಸಿಗೆ: ಮಂಜೇಶ್ವರ ಸೀಮೆ ಪೇಟೆಯಾದ ಬಗೆ

ತಲಪಾಡಿ ಗಡಿ ದಾಟಿ ಕುಂಜತ್ತೂರು, ಹೊಸಂಗಡಿ, ಉಪ್ಪಳ, ಬಂದ್ಯೋಡಿನವರೆಗೆ ಬಸ್ಸಿನಲ್ಲಿ ಹೋದರೆ ಊರು ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ರಸ್ತೆಯುದ್ದಕ್ಕೂ ಮನೆ, ಅಂಗಡಿ, ಮಸೀದಿ, ಮದುವೆ ಹಾಲ್. ಆದರೂ ಮಂಜೇಶ್ವರ ತಾಲೂಕಿನಲ್ಲಿ ಒಂದೇ ಒಂದು ನಗರಸಭೆ ಇಲ್ಲ, ಎಲ್ಲವೂ ಗ್ರಾಮ ಪಂಚಾಯತುಗಳೇ.

1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡದವರು. ಜಮೀನು ಮೂಲಗೇಣಿ, ಚಾಲಗೇಣಿಯ ಲೆಕ್ಕದಲ್ಲಿತ್ತು. ನಮ್ಮ ಹಿರಿಯರಲ್ಲಿ ಅನೇಕರು ಯಾರದೋ ತೋಟದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡವರು. ಕೇರಳಕ್ಕೆ ಸೇರಿದ ಮೇಲೆ 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ಬಂತು. ಗುಡಿಸಲಿನವರಿಗೆ ಕುಡಿಕಿಡಪ್ಪು ಹಕ್ಕು ಸಿಕ್ಕಿತು: ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5, ಕಾರ್ಪೊರೇಷನ್ನಿನಲ್ಲಿ 3. ಇವತ್ತು ಎಷ್ಟೋ ಮನೆಗಳ ಕಪಾಟಿನಲ್ಲಿರುವ ಪಟ್ಟಯದ ಮೂಲ ಅದೇ. ಅದು ನ್ಯಾಯವೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಬೆನ್ನಿಗೇ ಗಲ್ಫ್ ಬಂತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಹೋದವರು ಕಳಿಸಿದ ಹಣಕ್ಕೆ ಇಲ್ಲಿ ಕಾರ್ಖಾನೆ ಇರಲಿಲ್ಲ, ಇದ್ದದ್ದು ಜಾಗ ಒಂದೇ. ಎಕರೆ ಲೆಕ್ಕದಲ್ಲಿದ್ದದ್ದು ಸೆಂಟ್ಸ್ ಲೆಕ್ಕಕ್ಕೆ ಬಂತು. ಮಕ್ಕಳಿಗೆ ಪಾಲಾಗಿ 10 ಸೆಂಟ್ಸ್ ಐದಾಯಿತು. ಗದ್ದೆಗೆ ಮಣ್ಣು ಬಿತ್ತು, ಮುರಕಲ್ಲಿನ ಮನೆ ಎದ್ದಿತು. ಗದ್ದೆ ಉಳಿಸುವ ಕಾನೂನು ಬಂದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಉಳಿಸಲು ಏನಿತ್ತು? ಯಾರೂ ಚರಂಡಿಗೆಂದು, ಬಸ್ ನಿಲ್ಲಲೆಂದು, ಕಸ ಹಾಕಲೆಂದು ಜಾಗ ಬಿಟ್ಟಿರಲಿಲ್ಲ. ನಮ್ಮ ಹಿರಿಯರು ಮಸೀದಿಗೆ, ಮದ್ರಸಕ್ಕೆ, ಖಬರಸ್ತಾನಕ್ಕೆ ಧಾರಾಳವಾಗಿ ಜಾಗ ವಕ್ಫ್ ಮಾಡಿದವರು. ಚರಂಡಿಗೆ ಜಾಗ ಬಿಡುವುದೂ ಆ ಲೆಕ್ಕದ್ದೇ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಸ್ವಲ್ಪ ಗಣಿತ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಅಳತೆ ಇಲ್ಲದೆ ಸಮಾಧಾನ ಇಲ್ಲ. ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಚೌಕಾಕಾರವಾಗಿದ್ದರೆ ಒಂದು ಬದಿಗೆ 14 ಮೀಟರ್. ಕೇರಳದ ಕಟ್ಟಡ ನಿಯಮದಂತೆ ಬಾವಿಗೂ ಕಕ್ಕಸು ಗುಂಡಿಗೂ 7.5 ಮೀಟರ್ ಅಂತರ ಬೇಕು. ನಮ್ಮ ಗುಂಡಿಯಿಂದ ಹೇಗೋ ಸರಿಹೊಂದಿಸಬಹುದು, ಆದರೆ ಸುತ್ತಲಿನ ಮನೆಗಳ ಗುಂಡಿಗಳಿಂದ? ಮುರಕಲ್ಲಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಕೊಳೆಯೂ ಹಾಗೆಯೇ. ಅದಕ್ಕೇ ಬಾವಿ ಇದ್ದವರೂ ಬೋರ್‌ವೆಲ್ ಕೊರೆಸಿದರು.

ಈ ಬದಲಾವಣೆ ಜನಗಣತಿಯವರ ಕಣ್ಣಿಗೆ ಬಿದ್ದಿದೆ. ಜನಸಂಖ್ಯೆ 5,000 ಮುಟ್ಟಿ, ಚದರ ಕಿಲೋಮೀಟರಿಗೆ 400 ಜನರಿದ್ದು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟಿದ್ದರೆ ಆ ಊರು 'ಜನಗಣತಿ ಪಟ್ಟಣ'. ಕೇರಳದಲ್ಲಿ ಇಂಥವು 2001ರಲ್ಲಿ 99 ಇದ್ದವು, 2011ರಲ್ಲಿ 461 ಆದವು. ಗಣತಿಯಲ್ಲಿ ಪಟ್ಟಣ, ಆಡಳಿತದಲ್ಲಿ ಹಳ್ಳಿ. ನಗರಸಭೆಯಾದರೆ ತೆರಿಗೆ ಏರುತ್ತದೆ ಎಂಬ ಹೆದರಿಕೆ ನಮ್ಮವರಲ್ಲೂ ಇದೆ. ಟ್ಯಾಂಕರ್ ನೀರಿಗೆ, ಗುಂಡಿ ಖಾಲಿ ಮಾಡುವ ಗಾಡಿಗೆ ಕೊಡುವ ದುಡ್ಡು ಮಾತ್ರ ತೆರಿಗೆ ಅನ್ನಿಸುವುದಿಲ್ಲ!

ಇಷ್ಟು ವರ್ಷ ಇದು ನಡೆದುಕೊಂಡು ಬಂದದ್ದು ಮಂಗಳೂರು ಹತ್ತಿರ ಇದ್ದುದರಿಂದ. ಹೆರಿಗೆಗೆ, ಡಯಾಲಿಸಿಸ್‌ಗೆ, ಕಾಲೇಜಿಗೆ ಎಲ್ಲಕ್ಕೂ ಅದೇ ನಮ್ಮ ಪೇಟೆ. 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ತಲಪಾಡಿಯಲ್ಲೇ ನಿಂತವು. ಆಸ್ಪತ್ರೆ ಮುಟ್ಟಲಾಗದೆ ಕೆಲವರು ತೀರಿಕೊಂಡರು. ಕಾಸರಗೋಡಿನ ಮೆಡಿಕಲ್ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಕಲ್ಲು ಹಾಕಿದ್ದು 2013ರಲ್ಲಿ. ಗಡಿ ಮುಚ್ಚುವ ಹೊತ್ತಿಗೂ ಅಲ್ಲಿ ರೋಗಿಯನ್ನು ಮಲಗಿಸುವ ವ್ಯವಸ್ಥೆ ಇರಲಿಲ್ಲ.

ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ ಬಂದಿದೆ. ರಸ್ತೆ ಬದಿಯ ಅಂಗಡಿ, ಮನೆ ಕಳೆದುಕೊಂಡವರಿಗೆ ಪರಿಹಾರದ ಹಣ ಬಂತು. ಆ ಹಣದಲ್ಲಿ ಒಳಗಿನ ಓಣಿಗಳಲ್ಲಿ ಮತ್ತೆ ಐದೈದು ಸೆಂಟ್ಸ್ ಕೊಳ್ಳುತ್ತಿದ್ದೇವೆ. ಎರಡು ಕಾಂಪೌಂಡ್ ಗೋಡೆಗಳ ನಡುವೆ ಒಂದು ಕಾರು ಬಂದರೆ ಎದುರಿನ ಕಾರು ಹಿಂದಕ್ಕೆ ಹೋಗಬೇಕು. ಗೋಡೆಯನ್ನು ಮೂರು ಅಡಿ ಒಳಗೆ ಕಟ್ಟಿ ಎಂದು ಜಮಾಅತಿನ ಮೀಟಿಂಗಿನಲ್ಲಿ ಯಾರಾದರೂ ಎದ್ದು ಹೇಳುವುದಾದರೆ, ಅಡಿಪಾಯ ತೋಡುವ ಮೊದಲೇ ಹೇಳಲಿ.