ಎಲೆಯ ಅಂಚು, ಎಲೆಯ ಬೆನ್ನು

ಚೋರನೂರಿನ ಹುಡುಗರು ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಡುತ್ತಿದ್ದ ಕಾಲವದು. ವಿದ್ಯಾರ್ಥಿಯೊಬ್ಬನ ಚಿತ್ರದ ಸವೆದ ಅಂಚನ್ನು ಅಂದಗಾಣಿಸಲೆಂದು ನಾನೇ ಕತ್ತರಿಯಿಂದ ಸಮಮಾಡಿದೆ. ಅವನು ಕಣ್ಣು ತುಂಬಿಕೊಂಡು, "ಸರ್, ಇದು ಸಣ್ಣದಾತು. ಬೆನ್ನು ನೋಡಿದ್ರೇ ಗೊತ್ತಾಗ್ತೈತಿ" ಎಂದ. ಆ ಮಾತಿನ ಅರ್ಥ ನನಗೆ ಹೊಳೆದದ್ದು ಬಹುಕಾಲದ ನಂತರ, ಗಂಜೀಫಾದ ಇತಿಹಾಸವನ್ನು ಓದಿದಾಗ.

ಗಂಜೀಫಾ ಎಂದರೆ ಕೈಯಿಂದ ಚಿತ್ರಿಸಿದ, ಹೆಚ್ಚಾಗಿ ದುಂಡನೆಯ ಇಸ್ಪೀಟು ಎಲೆಗಳು. ಬಾಬರನು 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಇವನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ 96 ಎಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಇಂತಹ ಆಟಗಳನ್ನು ವಿವರಿಸಿದರು. ಚಾಮುಂಡೇಶ್ವರಿಯ ಹೆಸರಿನ ಆಟಕ್ಕಂತೂ 320 ಎಲೆಗಳು!

ಹಳೆಯ ಕಟ್ಟನ್ನು ಪರೀಕ್ಷಿಸುವವರು ಮೊದಲು ಎಲೆಗಳನ್ನು ಎಣಿಸಬೇಕು. ಬಳಿಕ ಅಂಚಿನ ಸವೆತ, ಮೆರುಗಿನ ಬಿರುಕು, ಉದುರಿದ ಬಣ್ಣಗಳನ್ನು ಗಮನಿಸಬೇಕು. ಕೊನೆಗೆ ಬೆನ್ನು. ಎದುರಾಳಿಗೆ ಎಲೆಯ ಗುರುತು ಸಿಗಬಾರದೆಂದು ಬೆನ್ನುಗಳನ್ನೆಲ್ಲ ಒಂದೇ ಬಗೆಯಾಗಿ ಬಳಿಯುತ್ತಿದ್ದರು. ಒಂದರ ಛಾಯೆ ಬೇರೆಯಿದ್ದರೆ, ಕಳೆದುಹೋದ ಎಲೆಯ ಬದಲಿಗೆ ಅದನ್ನು ಆಮೇಲೆ ಸೇರಿಸಿರಬಹುದು. ಸವೆತವು ಆಡಿದವರ ಬೆರಳುಗಳ ಸಾಕ್ಷಿ. ಹೊಸ ಬಣ್ಣ ಬಳಿದರೆ ಆ ಸಾಕ್ಷಿಯೇ ಅಳಿಯುತ್ತದೆ.

ನಿಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಎಲೆಗಳು ದೊರೆತರೆ ತೊಳೆಯಬೇಡಿ, ಕತ್ತರಿಸಬೇಡಿ, ಇದ್ದಂತೆಯೇ ಕಾಪಾಡಿ. ಆ ಹುಡುಗ ಇದನ್ನು ಓದುತ್ತಿದ್ದರೆ ತನ್ನ ಮೇಷ್ಟರ ಕತ್ತರಿಯನ್ನು ಮನ್ನಿಸಲಿ. ಇತಿಹಾಸದ ಆ ಪಾಠವನ್ನು ಅಂದು ಕಲಿಸಿದವನು ಅವನು, ನಾನಲ್ಲ.