ಬೆನ್ನು ಗಟ್ಟಿ, ಮೊಣಕಾಲು ಟೊಳ್ಳು

ಪಾವಗಡದ ಕಡೆ ಫ್ಲೋರೈಡ್ ನೀರು ಹಳೆಯ ಸುದ್ದಿ. ಹಲ್ಲಿನ ಮೇಲಿನ ಕಂದು ಕಲೆ ಎಲ್ಲರಿಗೂ ಗೊತ್ತು. ಮೊಣಕಾಲಿನ ಕಥೆ ಅಷ್ಟು ಗೊತ್ತಿಲ್ಲ.

1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವೈದ್ಯರ ವರದಿ ಬಂತು. ಕುಡಿಯುವ ನೀರಿನ ಫ್ಲೋರೈಡ್‌ನಿಂದ ಮೂಳೆ ದಟ್ಟವಾಗಿ, ಬೆನ್ನು ಬಾಗದಂತಾಗಿತ್ತು. ಫ್ಲೋರೈಡ್ ಎಂದರೆ ಮೂಳೆ ಗಟ್ಟಿಯಾಗುವ ಕಾಯಿಲೆ ಎಂಬ ತಿಳಿವಳಿಕೆ ಬೆಳೆಯಿತು.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೊಂದು ಮುಖ ತೋರಿಸಿದರು. ಫ್ಲೋರೈಡ್ ಹಳ್ಳಿಗಳ ಎಳೆಯರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗಿ, ಪಾದಗಳು ದೂರ ಸರಿದಿದ್ದವು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ದಟ್ಟ, ಕೈಕಾಲಿನ ಮೂಳೆ ಟೊಳ್ಳು!

ಆಪರೇಷನ್‌ಗೆ ಇದೇ ಮುಖ್ಯ. ಇಂಥ ಕಾಲು ನೇರ ಮಾಡಲು ಮೊಣಕಾಲಿನ ಹತ್ತಿರ ಮೂಳೆ ಕತ್ತರಿಸಿ, ಸರಿಯಾಗಿ ಕೂರಿಸಿ, ಪ್ಲೇಟು, ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅಲ್ಲಿ ಮೂಳೆ ಟೊಳ್ಳಾಗಿದ್ದರೆ ಸ್ಕ್ರೂಗೆ ಹಿಡಿತ ಸಿಗುವುದು ಕಷ್ಟ. ಗೆದ್ದಲು ತಿಂದ ತೊಲೆಗೆ ಮೊಳೆ ಹೊಡೆದ ಹಾಗೆ. ಬೆನ್ನಿನ ಎಕ್ಸ್‌ರೇ ನೋಡಿ ಮೂಳೆ ಗಟ್ಟಿಯಿದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕತ್ತರಿಸುವ ಜಾಗದ ಮೂಳೆಯನ್ನೇ ನೋಡಬೇಕು.

ಇನ್ನೊಂದು ಮಾತು. ಕಾಲು ನೇರವಾಗಿ ಊರಿಗೆ ಬಂದ ಮಗು ಮತ್ತೆ ಅದೇ ಬೋರ್‌ವೆಲ್ ನೀರು ಕುಡಿದರೆ? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಹಾಲು, ರಾಗಿ ತಟ್ಟೆಯಲ್ಲಿರಲಿ. ನಿಮ್ಮೂರ ನೀರಿನ ಪರೀಕ್ಷೆ ಆಗಿದೆಯೇ? ಪಂಚಾಯಿತಿಯಲ್ಲಿ ಕೇಳಿ.